ಒದ್ದೆ ನೆಲದಲ್ಲಿ ಲೋಹಶೋಧಕದ ಹುಸಿ ಸಂಕೇತ

ಹುಸಿ ಸಂಕೇತವೆಂದರೆ ಲೋಹವಿಲ್ಲದಿದ್ದರೂ ಲೋಹಶೋಧಕವು ಸದ್ದು ಮಾಡುವುದು. ಶೋಧಕದ ಸುರುಳಿಯಿಂದ ಹೊಮ್ಮುವ, ಸತತ ಬದಲಾಗುವ ಕಾಂತಕ್ಷೇತ್ರವು ಲೋಹದಲ್ಲಿ ಸುಳಿ ವಿದ್ಯುತ್ಪ್ರವಾಹವನ್ನು ಪ್ರೇರಿಸುತ್ತದೆ. ಉಪ್ಪುನೀರೂ ವಿದ್ಯುದ್ವಾಹಕವಾದುದರಿಂದ ಕಡಲತೀರದ ಒದ್ದೆ ಮರಳು ಸಹ ಇಂತಹ ಸಂಕೇತವನ್ನು ನೀಡುತ್ತದೆ.

ದೋಷ ಪತ್ತೆ

ಸುರುಳಿಯನ್ನು ನೆಲದಿಂದ ಮೇಲೆತ್ತಿ ಹಿಡಿದಾಗ ಸದ್ದು ನಿಂತರೆ ಕಾರಣ ನೆಲದಲ್ಲಿರುತ್ತದೆ. ನಿಲ್ಲದಿದ್ದರೆ ವಿದ್ಯುತ್ ತಂತಿ, ಮೊಬೈಲ್‌ಗಳಿಂದ ದೂರ ಸರಿದು ನೋಡಬೇಕು. ಆಗಲೂ ಮುಂದುವರಿದರೆ ಕೇಬಲ್ ಜೋಡಣೆಯಲ್ಲಿ ಅಥವಾ ಸುರುಳಿಯೊಳಗೆ ನೀರು ಸೇರಿರುವ ಸಾಧ್ಯತೆಯಿದೆ. ಅನೇಕ ಮಾದರಿಗಳಲ್ಲಿ ಸುರುಳಿ ಮಾತ್ರ ಜಲನಿರೋಧಕ, ನಿಯಂತ್ರಣ ಪೆಟ್ಟಿಗೆಯಲ್ಲ.

ಪರಿಹಾರ

ಮೊದಲು ಒದ್ದೆ ನೆಲದ ಮೇಲೆಯೇ ನೆಲದ ಸಮತೋಲನವನ್ನು ಮರುಹೊಂದಿಸಿ, ಸಾಲದಿದ್ದರೆ ಸೂಕ್ಷ್ಮತೆಯನ್ನು ತಗ್ಗಿಸಲಾಗುತ್ತದೆ. ಆದರೆ ಸೂಕ್ಷ್ಮತೆ ತಗ್ಗಿದಂತೆ ಪತ್ತೆಯ ಆಳವೂ ಕುಗ್ಗುತ್ತದೆ. ಆದ್ದರಿಂದ ನೆಲಬಾಂಬ್ ತೆರವಿನಂತಹ ಕಾರ್ಯದಲ್ಲಿ, ಹೊಂದಾಣಿಕೆ ಬದಲಿಸಿದ ಬಳಿಕ ಉಪಕರಣವನ್ನು ಮಾದರಿ ವಸ್ತುವಿನ ಮೇಲೆ ಪರೀಕ್ಷಿಸದೆ ಮುಂದುವರಿಯುವುದು ಪ್ರಾಣಾಪಾಯಕ್ಕೆ ಎಡೆಮಾಡುತ್ತದೆ.