ಕಾನೂನು ತೆರೆದ ಬಾಗಿಲು, ಊರು ಹಾಕಿದ ಅಗಳಿ

ಭೂಮಿ, ಕೂಲಿ, ಮೀಸಲಾತಿ, ಕುಡಿಯುವ ನೀರು ಇವೆಲ್ಲ ಹೋರಾಟದ ವಿಷಯ; ಹೆಂಗಸಿನ ಬಸಿರು ಮಾತ್ರ ಮನೆಯೊಳಗಿನ ವಿಷಯ ಅನ್ನೋ ತಿಳುವಳಿಕೆ ನಮ್ಮ ಚಳವಳಿಗಳಲ್ಲೂ ಇದೆ. ಬಸಿರು ತೆಗೆಸುವ ಮಾತು ಬಂದರಂತೂ ಸಭೆ ಸುಮ್ಮನಾಗುತ್ತದೆ. ಆದರೆ ಭೂಮಿಯ ಮೇಲೆ ಕಾನೂನು ಮಾಡಿದ ಪ್ರಭುತ್ವವೇ ಒಡಲಿನ ಮೇಲೂ ಕಾನೂನು ಮಾಡಿದೆ. ಆ ಕಾನೂನು ಯಾರು ಬರೆದರು, ಯಾರನ್ನು ಕಣ್ಣಮುಂದಿಟ್ಟುಕೊಂಡು ಬರೆದರು, ಯಾರನ್ನು ಹೊರಗಿಟ್ಟರು ಅಂತ ಕೇಳಿದರೆ ಅದೂ ನಮ್ಮದೇ ಚರಿತ್ರೆ.

ಒಂದು ಲೆಕ್ಕ ನೋಡಿ. 2015ರ ಒಂದೇ ವರ್ಷದಲ್ಲಿ ಭಾರತದಲ್ಲಿ ಸುಮಾರು 1 ಕೋಟಿ 56 ಲಕ್ಷ ಗರ್ಭಪಾತಗಳಾದವು ಎಂದು ಸಂಶೋಧಕರು ಅಂದಾಜು ಮಾಡಿದರು. ಅದರಲ್ಲಿ ಸುಮಾರು 1 ಕೋಟಿ 15 ಲಕ್ಷ, ಅಂದರೆ ನೂರಕ್ಕೆ 73, ಯಾವ ಆಸ್ಪತ್ರೆಯ ಹೊಸಿಲನ್ನೂ ತುಳಿಯದೆ ಗುಳಿಗೆಯಿಂದ ಆದಂಥವು. ಈ ದೇಶದಲ್ಲಿ ಗರ್ಭಪಾತಕ್ಕೆ 1971ರಿಂದ ಕಾನೂನಿನ ಅನುಮತಿ ಇದೆ. ಸರ್ಕಾರಿ ಆಸ್ಪತ್ರೆ ಇದೆ, ವೈದ್ಯರಿದ್ದಾರೆ. ಆದರೂ ನಾಲ್ವರಲ್ಲಿ ಹತ್ತಿರ ಹತ್ತಿರ ಮೂವರು ಹೆಂಗಸರು ಆ ಕಡೆ ತಲೆ ಹಾಕಲಿಲ್ಲ. ಯಾಕೆ? ಹಳ್ಳಿ ಹೆಂಗಸರಿಗೆ ಅಜ್ಞಾನ ಅಂತ ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಅದು ಓದಿದವರ ಸೋಮಾರಿತನ.

ಕತೆ 1860ರಿಂದ ಶುರುವಾಗುತ್ತದೆ. ಆ ವರ್ಷ ಬ್ರಿಟಿಷರು ಭಾರತೀಯ ದಂಡಸಂಹಿತೆ ಬರೆದರು. ಅದರ 312ನೇ ಕಲಮು ಬಸಿರು ಇಳಿಸುವುದನ್ನು ಅಪರಾಧ ಮಾಡಿತು. ಇಳಿಸಿದವರಿಗಷ್ಟೇ ಅಲ್ಲ, ತಾನೇ ಇಳಿಸಿಕೊಂಡ ಹೆಂಗಸಿಗೂ ಶಿಕ್ಷೆ: ಮೂರು ವರ್ಷದ ತನಕ, ಕೂಸು ಹೊಟ್ಟೆಯೊಳಗೆ ಮಿಸುಕಾಡಿದ ಮೇಲಾದರೆ ಏಳು ವರ್ಷದ ತನಕ. ಅದೇ 1860ರಲ್ಲಿ, 1853ರಿಂದ ತಮ್ಮ ಕೈಯಲ್ಲಿಟ್ಟುಕೊಂಡಿದ್ದ ರಾಯಚೂರು ದೋಆಬನ್ನು ಬ್ರಿಟಿಷರು ನಿಜಾಮನಿಗೆ ವಾಪಸು ಕೊಟ್ಟರು. ಹೀಗಾಗಿ ಕೃಷ್ಣೆ ತುಂಗಭದ್ರೆಗಳ ನಡುವಿನ ಈ ನೆಲ ಬೇರೆ ಆಳ್ವಿಕೆಯಲ್ಲೇ ಉಳಿಯಿತು. 1948ರಲ್ಲಿ ಹೈದರಾಬಾದು ಭಾರತಕ್ಕೆ ಸೇರಿದ ಮೇಲೆ, 1951ರಲ್ಲಿ ದಂಡಸಂಹಿತೆ ಇಲ್ಲಿಗೂ ಬಂತು. ಆಸ್ಪತ್ರೆಗಿಂತ ಮೊದಲು ಶಿಕ್ಷೆಯ ಕಾನೂನು ಬಂತು ಅನ್ನೋದನ್ನ ಗಮನಿಸಬೇಕು.

ಅಷ್ಟೂ ಕಾಲ ಕೇರಿಯ ಹೆಂಗಸಿಗೆ ಇದ್ದದ್ದು ಸೂಲಗಿತ್ತಿ, ಬೇರು, ಎಕ್ಕದ ಕಡ್ಡಿ. ಕೆಲವರು ಬದುಕಿದರು, ಕೆಲವರು ನಂಜೇರಿ ಸತ್ತರು. ಸತ್ತವರ ಲೆಕ್ಕ ಯಾವ ದಫ್ತರದಲ್ಲೂ ಇಲ್ಲ. 'ಹೊಟ್ಟೆನೋವು ಬಂದು ಹೋದಳು' ಅನ್ನೋ ಮಾತಿನಲ್ಲಿ ಆ ಚರಿತ್ರೆ ಮುಗಿದುಹೋಗುತ್ತದೆ.

ಅತ್ತ ಹಳೆಯ ಮೈಸೂರು ಸಂಸ್ಥಾನದ ಸರ್ಕಾರ 1930ರಲ್ಲೇ ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆದಿತ್ತು. ಮುಂಬಯಿ ಶಾಸನಸಭೆಯಲ್ಲಿ 1938ರ ನವೆಂಬರ್ 10ರಂದು ಅಂಬೇಡ್ಕರ್ ಅವರ ಸ್ವತಂತ್ರ ಕಾರ್ಮಿಕ ಪಕ್ಷ ಸಂತಾನ ನಿಯಂತ್ರಣದ ಗೊತ್ತುವಳಿ ತಂದಿತು. ಬಾಬಾಸಾಹೇಬರು ಅಂದು ಸಭೆಯಲ್ಲಿರಲಿಲ್ಲ; ಅವರ ಭಾಷಣವನ್ನು ಪಿ.ಜೆ. ರೋಹಂ ಮಂಡಿಸಿದರು. ಹೆರಬೇಕೋ ಬೇಡವೋ ಎಂಬುದು ಪೂರ್ತಿಯಾಗಿ ಹೆಂಗಸಿನ ಇಚ್ಛೆಗೆ ಬಿಟ್ಟದ್ದು ಎಂಬುದು ಆ ಭಾಷಣದ ಜೀವಾಳ. ಗೊತ್ತುವಳಿ ಬಿದ್ದುಹೋಯಿತು. ಬಾಬಾಸಾಹೇಬರ ಫೋಟೋಕ್ಕೆ ಹಾರ ಹಾಕುವ ನಾವು ಆ ಭಾಷಣವನ್ನು ಎಷ್ಟು ಜನ ಓದಿದ್ದೇವೆ?

ಸ್ವತಂತ್ರ ಭಾರತ ಬೇರೆ ದಾರಿ ಹಿಡಿಯಿತು. 1964ರಲ್ಲಿ ಶಾಂತಿಲಾಲ್ ಶಾ ಸಮಿತಿ ನೇಮಕವಾಯಿತು, 1966ರಲ್ಲಿ ವರದಿ ಕೊಟ್ಟಿತು. 1971ರಲ್ಲಿ ವೈದ್ಯಕೀಯ ಗರ್ಭಸಮಾಪ್ತಿ ಕಾಯಿದೆ ಪಾಸಾಯಿತು, 1972ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಕದ್ದುಮುಚ್ಚಿ ತೆಗೆಸಿಕೊಂಡು ಸಾಯುತ್ತಿದ್ದ ಹೆಂಗಸರ ಜೀವ ಉಳಿಸಬೇಕು ಅನ್ನೋ ಕಾಳಜಿ ಅದರಲ್ಲಿತ್ತು, ನಿಜ. ಜೊತೆಗೆ ಜನಸಂಖ್ಯೆಯ ಭಯವೂ ಇತ್ತು. ಬಡವರು ಹೆಚ್ಚು ಹೆರುತ್ತಾರೆ, ಅದಕ್ಕೇ ದೇಶ ಬಡವಾಗಿದೆ ಅನ್ನೋ ಮೇಲುವರ್ಗದ ಗೊಣಗಾಟಕ್ಕೆ ತುರ್ತುಪರಿಸ್ಥಿತಿಯ ಕಾಲದಲ್ಲಿ ಸಂತಾನಹರಣದ ಕತ್ತರಿ ಸಿಕ್ಕಿತು. ಆ ಕತ್ತರಿ ಯಾರ ಕೇರಿಗೆ ಮೊದಲು ಬಂತು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೆರಬೇಡ ಅಂತ ಹೇಳುವ ಅಧಿಕಾರ ಪ್ರಭುತ್ವ ತನಗಿಟ್ಟುಕೊಂಡಿತು. ಹೆರಲಾರೆ ಅನ್ನುವ ಹಕ್ಕು ಹೆಂಗಸಿಗೆ ಕೊಡಲಿಲ್ಲ.

ಕಾಯಿದೆಯನ್ನು ಬಿಡಿಸಿ ನೋಡಿದರೆ ಇದು ಗೊತ್ತಾಗುತ್ತದೆ. ಅದು ಅನುಮತಿ ಕೊಟ್ಟದ್ದು ವೈದ್ಯನಿಗೆ. ಹನ್ನೆರಡು ವಾರದ ತನಕ ಒಬ್ಬ ವೈದ್ಯ ಒಪ್ಪಬೇಕು, ಇಪ್ಪತ್ತು ವಾರದ ತನಕ ಇಬ್ಬರು ಒಪ್ಪಬೇಕು. ಮಾಡುವವರು ತರಬೇತಾದ ವೈದ್ಯರಾಗಿರಬೇಕು. ಜಾಗ ಸರ್ಕಾರಿ ಆಸ್ಪತ್ರೆ ಇಲ್ಲವೇ ಸರ್ಕಾರ ಒಪ್ಪಿದ ಆಸ್ಪತ್ರೆ. ಗರ್ಭನಿರೋಧಕ ಕೈಕೊಟ್ಟದ್ದು ಒಂದು ಕಾರಣ ಅಂತ ಕಾಯಿದೆ ಒಪ್ಪಿತು, ಆದರೆ 'ವಿವಾಹಿತ ಸ್ತ್ರೀ ಅಥವಾ ಆಕೆಯ ಪತಿ' ಬಳಸಿದ್ದರೆ ಮಾತ್ರ. ಈಗ ಹೇಳಿ: ರಾಯಚೂರು ಜಿಲ್ಲೆಯಲ್ಲಿ ಎಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡವಳಿಗೆ ಪತಿ ಯಾರು? ಗಂಡ ಬಿಟ್ಟವಳು, ಗಂಡ ಸತ್ತವಳು, ಗೌಡನ ಹೊಲಕ್ಕೆ ಕೂಲಿಗೆ ಹೋದ ಮದುವೆಯಾಗದ ಹುಡುಗಿ, ಇವರೆಲ್ಲ ಆ ಸಾಲಿನಲ್ಲಿ ಎಲ್ಲಿದ್ದರು? 1982ರಲ್ಲಿ ದೇವದಾಸಿ ಪದ್ಧತಿಯ ನಿಷೇಧಕ್ಕೆ ರಾಜ್ಯ ಕಾಯಿದೆ ಮಾಡಿತು. ಆದರೆ ಮುತ್ತು ಕಟ್ಟಿಸಿಕೊಂಡವಳ ಬಸಿರು ಆ 'ಪತಿ' ಅನ್ನೋ ಪದ ದಾಟಲು 2021ರ ತನಕ ಕಾಯಬೇಕಾಯಿತು. ಆ ವರ್ಷದ ತಿದ್ದುಪಡಿಯಲ್ಲಿ 'ಸ್ತ್ರೀ ಅಥವಾ ಆಕೆಯ ಸಂಗಾತಿ' ಎಂದಾಯಿತು. ಒಬ್ಬ ವೈದ್ಯರ ಒಪ್ಪಿಗೆ ಇಪ್ಪತ್ತು ವಾರಕ್ಕೆ ಏರಿತು. ಕೆಲವು ವರ್ಗದವರಿಗೆ ಇಪ್ಪತ್ತನಾಲ್ಕು ವಾರದ ತನಕ ಅವಕಾಶವಾಯಿತು. ಆ ಅವಕಾಶ ಅವಿವಾಹಿತರಿಗೂ ಉಂಟು ಎಂದು ಸುಪ್ರೀಂ ಕೋರ್ಟು ಹೇಳಿದ್ದು 2022ರ ಸೆಪ್ಟೆಂಬರ್ 29ರಂದು. ಐವತ್ತು ವರ್ಷ!

ಇನ್ನು ಕಾಗದ ಬಿಟ್ಟು ನೆಲಕ್ಕೆ ಬರೋಣ. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಪಟ್ಟಿ ಮಾಡಿತು. ದೇವದುರ್ಗ, ಮಾನ್ವಿ ಎರಡೂ ಆ ಪಟ್ಟಿಯಲ್ಲಿದ್ದವು. ರಾಯಚೂರು ನಗರಕ್ಕೆ 2007ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂತು. ಆದರೆ ಕೃಷ್ಣೆಯ ದಂಡೆಯ ಹಳ್ಳಿಯಿಂದ ಮೊದಲು ದೇವದುರ್ಗ, ಅಲ್ಲಿಂದ ರಾಯಚೂರು ಅಂದರೆ ಒಂದು ದಿನದ ಕೂಲಿ ಹೋಯಿತು, ಬಸ್ಸಿನ ದುಡ್ಡು ಹೋಯಿತು. ಒಂದೇ ಸಲಕ್ಕೆ ಮುಗಿಯುವುದಿಲ್ಲ. ಇವತ್ತು ಡಾಕ್ಟರಮ್ಮ ರಜೆ, ನಾಳೆ ಸ್ಕ್ಯಾನಿಂಗ್, ನಾಡಿದ್ದು ರಕ್ತಪರೀಕ್ಷೆ. ಹತ್ತಿ ಬಿಡಿಸುವ ಕಾಲದಲ್ಲಿ, ಮಾನ್ವಿಯ ಕಾಲುವೆ ಬಯಲಲ್ಲಿ ಭತ್ತದ ನಾಟಿ ನಡೆದಿರುವಾಗ ಮೂರು ದಿನದ ಕೂಲಿ ಯಾರು ಕೊಡ್ತಾರ್ರಿ? ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡದ ಪಕ್ಕದ ಶೆಡ್ಡಿನಲ್ಲಿರುವವಳಿಗೆ ಯಾವ ಆಸ್ಪತ್ರೆ ತನ್ನದು ಅನ್ನೋದೇ ಗೊತ್ತಿರೋದಿಲ್ಲ.

ದುಡ್ಡಿಗಿಂತ ದೊಡ್ಡದು ಗುಟ್ಟು. ಹದಿನೆಂಟು ತುಂಬಿದ ಹೆಂಗಸಿಗೆ ಅವಳ ಒಪ್ಪಿಗೆ ಒಂದೇ ಸಾಕು, ಗಂಡನ ಸಹಿ ಬೇಕಿಲ್ಲ ಅಂತ ಕಾಯಿದೆ ಹೇಳುತ್ತದೆ. ಅವಳ ಹೆಸರು ಹೊರಗೆ ಬಿಟ್ಟವರಿಗೆ ಒಂದು ವರ್ಷದ ತನಕ ಸಜೆ ಅಂತ 2021ರ ತಿದ್ದುಪಡಿ ಹೇಳುತ್ತದೆ. ಆದರೆ ಚೀಟಿ ಬರೆಯುವ ಕಿಟಕಿಯಲ್ಲಿ 'ಗಂಡನ್ನ ಕರ್ಕೊಂಡು ಬಾ' ಅಂದರೆ ಕೂಲಿ ಹೆಂಗಸು ಕಾಯಿದೆಯ ಕಲಮು ಎತ್ತಿ ತೋರಿಸುತ್ತಾಳೆಯೇ? ಅವಳ ಊರು ಯಾವುದು, ಕೇರಿ ಯಾವುದು ಅನ್ನೋದು ಆ ಸಾಲಿನಲ್ಲಿ ನಿಂತ ಹತ್ತು ಜನಕ್ಕೆ ಕೇಳುತ್ತದೆ. ಸಂಜೆಯೊಳಗೆ ಸುದ್ದಿ ಊರಿಗೆ ಮುಟ್ಟುತ್ತದೆ. ಮೇಲ್ಜಾತಿಯ ಹುಡುಗಿಯ ಗುಟ್ಟನ್ನು ಖಾಸಗಿ ನರ್ಸಿಂಗ್ ಹೋಮಿನ ಹಣ ಕಾಯುತ್ತದೆ. ಕೇರಿಯ ಹುಡುಗಿಯ ಗುಟ್ಟಿಗೆ ಕಾವಲಿಲ್ಲ. ಹದಿನೆಂಟು ತುಂಬದವಳ ಪಾಡು ಇನ್ನೂ ಕಷ್ಟ. 2012ರ ಪೋಕ್ಸೋ ಕಾಯಿದೆಯ ಪ್ರಕಾರ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು. ಬಾಲ್ಯವಿವಾಹ ಮಾಡಿದ ಮನೆಯವರು ಆ ಭಯಕ್ಕೆ ಆಸ್ಪತ್ರೆಯ ದಾರಿಯನ್ನೇ ಬಿಡುತ್ತಾರೆ. ಆ ಹುಡುಗಿ ಮತ್ತು ಅವಳ ಪೋಷಕರು ಕೇಳಿಕೊಂಡರೆ ಅವಳ ಹೆಸರು ಹೇಳಬೇಕಿಲ್ಲ ಎಂದು 2022ರ ಅದೇ ತೀರ್ಪು ಹೇಳಿತು. ಆ ತೀರ್ಪು ಕನ್ನಡದಲ್ಲಿ ಅವರಿಗೆ ಯಾರು ಓದಿ ಹೇಳಬೇಕು?

ಇಂಥ ಅಗಳಿಗಳ ನಡುವೆ ಗುಳಿಗೆ ಬಂತು. ಮೈಫೆಪ್ರಿಸ್ಟೋನಿಗೆ ಭಾರತದಲ್ಲಿ 2002ರಲ್ಲಿ ಪರವಾನಗಿ ಸಿಕ್ಕಿತು. ಒಂದು ಮೈಫೆಪ್ರಿಸ್ಟೋನ್, ನಾಲ್ಕು ಮಿಸೊಪ್ರೊಸ್ಟಾಲ್ ಒಂದೇ ಪೊಟ್ಟಣದಲ್ಲಿ ಬಂದದ್ದು 2008ರಲ್ಲಿ. ಈಗಿನ ನಿಯಮದಂತೆ ಒಂಬತ್ತು ವಾರದ ತನಕ ವೈದ್ಯರ ಚೀಟಿಯ ಮೇಲೆ ಕೊಡಬಹುದು. ಈ ಗುಳಿಗೆಯ ಗುಣ ಕಂಡುಹಿಡಿದದ್ದರಲ್ಲಿ ಬಡ ಹೆಂಗಸರ ಪಾಲೂ ಇದೆ. ಮಿಸೊಪ್ರೊಸ್ಟಾಲ್ ಹೊಟ್ಟೆಹುಣ್ಣಿನ ಔಷಧಿ. ಗರ್ಭಪಾತ ಅಪರಾಧವಾಗಿದ್ದ ಬ್ರೆಜಿಲ್ ದೇಶದ ಹೆಂಗಸರು, ಬಸುರಿಯರು ತಿನ್ನಬಾರದು ಅಂತ ಆ ಡಬ್ಬಿಯ ಮೇಲಿದ್ದ ಎಚ್ಚರಿಕೆಯನ್ನೇ ತಿರುಗಿಸಿ ಓದಿಕೊಂಡು, 1980ರ ದಶಕದ ಕೊನೆಗೆ ಬಾಯಿಂದ ಬಾಯಿಗೆ ಅದನ್ನು ಹರಡಿದರು. ವಿಜ್ಞಾನಿಗಳು ಹಿಂದಿನಿಂದ ಬಂದು ಅಳೆದು ನೋಡಿದರು.

ಐರ್‌ಲೆಂಡಿನ ಕತೆಯಲ್ಲಿ ನಮ್ಮ ಮನೆಮಗಳ ಹೆಸರಿದೆ. ಬೆಳಗಾವಿಯಲ್ಲಿ ಬೆಳೆದ ದಂತವೈದ್ಯೆ ಸವಿತಾ ಹಾಲಪ್ಪನವರ್ 2012ರ ಅಕ್ಟೋಬರಿನಲ್ಲಿ ಗಾಲ್ವೆಯ ಆಸ್ಪತ್ರೆ ಸೇರಿದಾಗ ಹದಿನೇಳು ವಾರದ ಬಸುರಿ. ಬಸಿರು ಉಳಿಯುವುದಿಲ್ಲ ಎಂದು ಗೊತ್ತಾಗಿತ್ತು. ತೆಗೆಯಿರಿ ಅಂತ ಕೇಳಿದರು. ಭ್ರೂಣದ ಎದೆಬಡಿತ ಇದೆ, ಕಾನೂನು ಒಪ್ಪುವುದಿಲ್ಲ ಅಂದರು. 28ರಂದು ನಂಜೇರಿ ತೀರಿಕೊಂಡರು. ವಯಸ್ಸು ಮೂವತ್ತೊಂದು. ಆ ದೇಶದಲ್ಲಿ 1983ರಿಂದ ಸಂವಿಧಾನವೇ ಬಾಗಿಲು ಹಾಕಿತ್ತು. ಉಳ್ಳವರು ಇಂಗ್ಲೆಂಡಿಗೆ ಹೋಗಿ ಬರುತ್ತಿದ್ದರು. ಹಣವಿಲ್ಲದವರು, ಮಕ್ಕಳನ್ನು ಬಿಟ್ಟು ಹೋಗಲಾರದವರು, ವೀಸಾ ಇಲ್ಲದ ವಲಸಿಗರು ಎಲ್ಲಿಗೆ ಹೋಗಬೇಕು? ಡಚ್ ವೈದ್ಯೆ ರೆಬೆಕಾ ಗೊಂಪರ್ಟ್ಸ್ 2005ರಲ್ಲಿ ಕಟ್ಟಿದ 'ವಿಮೆನ್ ಆನ್ ವೆಬ್' ಸಂಸ್ಥೆಗೆ ಕಂಪ್ಯೂಟರಿನಲ್ಲಿ ಬರೆದು ಕೇಳಿದರು. ವೈದ್ಯರು ದೂರದಿಂದಲೇ ವಿಚಾರಿಸಿ ಅಂಚೆಯಲ್ಲಿ ಗುಳಿಗೆ ಕಳಿಸುತ್ತಿದ್ದರು. 2010ರಿಂದ 2015ರವರೆಗೆ ಐರ್‌ಲೆಂಡ್ ಮತ್ತು ಉತ್ತರ ಐರ್‌ಲೆಂಡಿನಿಂದ ಹಾಗೆ ಕೇಳಿದವರು 5,650 ಮಂದಿ. ಸವಿತಾ ಸತ್ತು ಎರಡು ವರ್ಷ ತುಂಬಿದ ದಿನ, 2014ರ ಅಕ್ಟೋಬರ್ 28ರಂದು, ಅಲ್ಲಿನ ಹೋರಾಟಗಾರ್ತಿಯರು ರೈಲಿನಲ್ಲಿ ಬೆಲ್‌ಫಾಸ್ಟಿಗೆ ಹೋಗಿ ಗುಳಿಗೆ ತಂದು ಎಲ್ಲರೆದುರು ತೋರಿಸಿದರು. 2018ರ ಮೇ 25ರ ಜನಮತದಲ್ಲಿ ನೂರಕ್ಕೆ 66 ಮಂದಿ ಆ ಕಲಮನ್ನು ಕಿತ್ತುಹಾಕಿದರು.

ಗಾಲ್ವೆಗೂ ದೇವದುರ್ಗಕ್ಕೂ ಏನು ಸಂಬಂಧ ಅಂತ ಕೇಳಬಹುದು. ಅಲ್ಲಿ ಬಾಗಿಲು ಹಾಕಿದ್ದು ಕಾನೂನು ಮತ್ತು ಚರ್ಚು. ಇಲ್ಲಿ ಕಾನೂನು ಬಾಗಿಲು ತೆರೆದಿದೆ. ಜಾತಿ, ದೂರ, ಬಡತನ, ಅವಮಾನ ಅಗಳಿ ಹಾಕಿವೆ. ಹೆಂಗಸು ದೂರದಿಂದ ಗುಳಿಗೆ ತರಿಸಿಕೊಳ್ಳುವ ಕಾರಣ ಮಾತ್ರ ಎರಡೂ ಕಡೆ ಒಂದೇ: ಹಣ ಉಳಿಯುತ್ತದೆ, ಗುಟ್ಟು ಉಳಿಯುತ್ತದೆ, ಮರ್ಯಾದೆ ಉಳಿಯುತ್ತದೆ. ವ್ಯತ್ಯಾಸ ಇಷ್ಟೆ. ಅಲ್ಲಿಯ ಅಂಚೆಯ ಹಿಂದೆ ಒಬ್ಬ ವೈದ್ಯೆ ಇದ್ದಳು, ಕೇಳಿದರೆ ಉತ್ತರವಿತ್ತು. ಇಲ್ಲಿಯ ಗುಳಿಗೆಯ ಹಿಂದೆ ಯಾರೂ ಇಲ್ಲ. ಅಂಗಡಿಗೆ ಕಳಿಸಿದ ತಮ್ಮನಿಗೋ ಗಂಡನಿಗೋ ಹೇಗೆ ತಿನ್ನಬೇಕು ಅಂತ ಅರ್ಧ ಹೇಳುತ್ತಾರೆ, ಅರ್ಧ ನುಂಗುತ್ತಾರೆ. ಅಪಾಯ ಇರೋದು ಗುಳಿಗೆಗಿಂತ ಹೆಚ್ಚು ಈ ಒಂಟಿತನದಲ್ಲಿ. ಎರಡು ತಾಸು ಬಿಡದೆ ತಾಸಿಗೆ ಎರಡು ದಪ್ಪ ಪ್ಯಾಡು ಪೂರಾ ತೊಯ್ದರೆ, ಜ್ವರ ಇಳಿಯದಿದ್ದರೆ, ಹೊಟ್ಟೆಯ ಒಂದು ಪಕ್ಕ ಕಡುನೋವು ಬಂದರೆ ತಡ ಮಾಡದೆ ಆಸ್ಪತ್ರೆಗೆ ಓಡಬೇಕು. ಇಷ್ಟನ್ನು ಹೇಳುವ ಒಂದು ದನಿ ಅವಳಿಗೆ ಸಿಗುವುದಿಲ್ಲ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಇಂಗ್ಲೆಂಡು ಒಂದೇ ವಾರದಲ್ಲಿ ಫೋನಿನಲ್ಲಿ ವಿಚಾರಿಸಿ ಅಂಚೆಯಲ್ಲಿ ಗುಳಿಗೆ ಕಳಿಸುವ ವ್ಯವಸ್ಥೆ ಮಾಡಿತು. 2022ರಲ್ಲಿ ಅದನ್ನೇ ಕಾಯಂ ಮಾಡಿತು. ನಮ್ಮ ಸರ್ಕಾರವೂ ಅದೇ ಮಾರ್ಚಿನಲ್ಲಿ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಡಿಸಿತು, ಏಪ್ರಿಲಿನಲ್ಲಿ ಗರ್ಭಪಾತ ಅಗತ್ಯ ಸೇವೆ ಅಂತಲೂ ಹೇಳಿತು. ಎರಡನ್ನೂ ಜೋಡಿಸಲಿಲ್ಲ. ಬಸ್ಸೇ ಇಲ್ಲದ ಕಾಲದಲ್ಲಿ ಅಗತ್ಯ ಸೇವೆ ಹಳ್ಳಿಗೆ ನಡೆದು ಬರುತ್ತದೆಯೇ?

ಗುಳಿಗೆ ಸಲೀಸಾದರೆ ಹೆಣ್ಣುಭ್ರೂಣ ಕೊಲ್ಲುತ್ತಾರೆ ಅಂತ ಒಳ್ಳೆಯ ಗೆಳೆಯರೂ ಹೆದರುತ್ತಾರೆ. 2023ರಲ್ಲಿ ಮಂಡ್ಯದ ಆಲೆಮನೆಯಲ್ಲಿ ಸ್ಕ್ಯಾನಿಂಗ್ ನಡೆಸುತ್ತಿದ್ದ ಜಾಲ ಸಿಕ್ಕಿಬಿದ್ದಾಗ ಆ ಹೆದರಿಕೆ ಹೆಚ್ಚಾಯಿತು. ಆದರೆ ಲಿಂಗಪತ್ತೆ 1994ರ ಕಾಯಿದೆಯ ಅಪರಾಧ. ಅದನ್ನು ಮಾಡುವುದು ಯಂತ್ರವಿಟ್ಟುಕೊಂಡ ದಲ್ಲಾಳಿ. ಸ್ಕ್ಯಾನಿಂಗಿನಲ್ಲಿ ಲಿಂಗ ತಿಳಿಯುವಷ್ಟು ಬಸಿರು ಬೆಳೆಯುವ ಮೊದಲೇ ಗುಳಿಗೆಯ ಒಂಬತ್ತು ವಾರ ಮುಗಿದಿರುತ್ತದೆ. ದಲ್ಲಾಳಿಯ ಪಾಪಕ್ಕೆ ಕೂಲಿ ಹೆಂಗಸಿನ ಕೈಯ ಗುಳಿಗೆ ಕಿತ್ತುಕೊಳ್ಳುವುದು ಯಾವ ನ್ಯಾಯ?

ನಾವು ಕೇಳಬೇಕಾದ್ದು ಇಷ್ಟು. ನೇಪಾಳದಲ್ಲಿ ತರಬೇತಾದ ಸಹಾಯಕ ನರ್ಸುಗಳು ಗುಳಿಗೆ ಕೊಡುತ್ತಾರೆ; ನಮ್ಮ ಉಪಕೇಂದ್ರದ ನರ್ಸಮ್ಮನೂ ಕೊಡುವಂತಾಗಲಿ. ಮೊದಲ ವಾರಗಳಲ್ಲಿ ಹೆಂಗಸರು ಮನೆಯಲ್ಲೇ ಗುಳಿಗೆ ತಗೊಳ್ಳಬಹುದು, ಫೋನಿನಲ್ಲಿ ಸಲಹೆ ಪಡೆಯಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲೇ ಹೇಳಿದೆ. ಅದು ಇಲ್ಲಿಯ ಕಾನೂನಾಗಲಿ, ಕನ್ನಡದಲ್ಲಿ ಮಾತಾಡುವ ವೈದ್ಯೆ ಆ ತುದಿಯಲ್ಲಿರಲಿ. ದೇವದುರ್ಗ, ಮಾನ್ವಿಯ ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರದ ಎಲ್ಲ ದಿನ ಈ ಸೇವೆ ಇರಲಿ. ಗಂಡನ ಸಹಿ ಬೇಕಿಲ್ಲ ಅಂತ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಯಲಿ. ಹೈಸ್ಕೂಲಿನ ಮೇಷ್ಟ್ರು, ಟೀಚರಮ್ಮ ಮುಜುಗರ ಬಿಟ್ಟು ದೊಡ್ಡ ಹುಡುಗಿಯರಿಗೆ, ಹುಡುಗರಿಗೂ ಈ ಪಾಠ ಹೇಳಲಿ.

2024ರ ಜುಲೈ 1ರಿಂದ ಬ್ರಿಟಿಷರ ದಂಡಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. 312 ಇದ್ದದ್ದು 88 ಆಯಿತು. ತಾನೇ ಬಸಿರು ಇಳಿಸಿಕೊಂಡ ಹೆಂಗಸು ಆ ಹೊಸ ಕಲಮಿನಲ್ಲೂ ಅಪರಾಧಿಯೇ. ಗುಲಾಮಗಿರಿಯ ಕಾನೂನು ಕಿತ್ತೆಸೆದೆವು ಅಂತ ಹೇಳಿಕೊಂಡವರು ಈ ಒಂದು ಸಾಲನ್ನು ಅಂಕಿ ಬದಲಿಸಿ ಹಾಗೇ ಉಳಿಸಿಕೊಂಡಿದ್ದಾರೆ. ಅದು ಹೋಗುವ ತನಕ ಈ ಚರಿತ್ರೆ ಮುಗಿಯುವುದಿಲ್ಲ.