ಭೇದಿಯ ಉಪ್ಪು ಹೊಟ್ಟೆಗೆ ಒಗ್ಗಿದ ಬಗೆ

1667ರ ಜುಲೈ 14, ಭಾನುವಾರ. ಇಂಗ್ಲೆಂಡಿನ ನೌಕಾಪಡೆಯ ಅಧಿಕಾರಿ ಸ್ಯಾಮ್ಯುಯೆಲ್ ಪೀಪ್ಸ್ ಹೆಂಡತಿಯನ್ನು ಗಾಡಿಯಲ್ಲಿ ಕೂರಿಸಿಕೊಂಡು ಲಂಡನ್ನಿನಿಂದ ಎಪ್ಸಮ್‌ ಊರಿಗೆ ಹೋದ. ಅಲ್ಲಿನ ಬಾವಿಯ ಕಹಿ ನೀರನ್ನು ನಾಲ್ಕು ಪೈಂಟ್, ಹತ್ತಿರ ಹತ್ತಿರ ಎರಡು ಲೀಟರ್, ಕುಡಿದ. ಹೊಟ್ಟೆ ಚೆನ್ನಾಗಿ ಖಾಲಿಯಾಯಿತೆಂದು ದಿನಚರಿಯಲ್ಲಿ ಖುಷಿಯಿಂದ ಬರೆದುಕೊಂಡ. ಇಂದು ಮೆಗ್ನೀಸಿಯಮ್ ಮಾತ್ರೆ ನುಂಗಿದವರಿಗೆ ಇದೇ ಅನುಭವವಾದರೆ, ಮರುದಿನವೇ ಔಷಧಿ ಅಂಗಡಿಗೆ ಹೋಗಿ ಬೇರೆ ಯಾವುದಾದರೂ ಇದೆಯೇ ಎಂದು ಕೇಳುತ್ತಾರೆ. ಗುಣವೆಂದು ಹೊಗಳಿಸಿಕೊಂಡದ್ದು ಮೂರು ಶತಮಾನಗಳಲ್ಲಿ ದೋಷವಾದ ಕಥೆ ಇದು.

ಎಪ್ಸಮ್‌ನ ನೀರನ್ನು ಮೊದಲು ಗುರುತಿಸಿದವು ದನಗಳು ಎಂಬ ಪ್ರತೀತಿ ಆ ಊರಿನಲ್ಲಿದೆ. 1618ರ ಬರಗಾಲದ ಬೇಸಿಗೆಯಲ್ಲಿ ಹೆನ್ರಿ ವಿಕರ್ ಎಂಬ ದನಗಾಹಿ ಗೋಮಾಳದ ಹೊಂಡವೊಂದರಲ್ಲಿ ನೀರು ಕಂಡ. ಬಾಯಾರಿದ ದನಗಳು ಮೂಸಿ ನೋಡಿ ಹಿಂದೆ ಸರಿದವು. ಕುಡಿಯಲು ಬಾರದ ನೀರು ಮೊದಲು ಹುಣ್ಣು ತೊಳೆಯಲು, ಆಮೇಲೆ ಹೊಟ್ಟೆ ತೊಳೆಯಲು ಬಳಕೆಗೆ ಬಂತು. ಲಂಡನ್ನಿನ ಸಿರಿವಂತರು ಎಪ್ಸಮ್‌ನಲ್ಲಿ ಬಿಡಾರ ಹೂಡತೊಡಗಿದರು.

ಆ ನೀರಿನಿಂದ ಉಪ್ಪನ್ನು ಬೇರ್ಪಡಿಸಿ, 1695ರಲ್ಲಿ ಅದರ ಮೇಲೆ ಲ್ಯಾಟಿನ್‌ನಲ್ಲಿ ಪುಸ್ತಕ ಬರೆದವನು ವೈದ್ಯ ನೆಹಮಾಯಾ ಗ್ರೂ. ಗಿಡಗಳ ಒಳರಚನೆಯ ಅಧ್ಯಯನಕ್ಕೆ ಹೆಸರಾದವನು ಇವನೇ. ಉಪ್ಪು ತಯಾರಿಸುವ ಹಕ್ಕು ತನ್ನದೆಂದು 1698ರಲ್ಲಿ ರಾಜನಿಂದ ಸನದನ್ನೂ ಪಡೆದ. ಅಷ್ಟರಲ್ಲಿ ಮೌಲ್ಟ್ ಎಂಬ ಔಷಧಿ ವ್ಯಾಪಾರಿ ಸೋದರರು ಬೇರೊಂದು ಬುಗ್ಗೆಯ ನೀರಿನಿಂದ ಅಂಥದೇ ಉಪ್ಪು ತೆಗೆದು ಅಗ್ಗಕ್ಕೆ ಮಾರತೊಡಗಿದ್ದರು. ಸಾಲದ್ದಕ್ಕೆ ಗ್ರೂನ ಪುಸ್ತಕವನ್ನೇ ಅವನ ಅಪ್ಪಣೆಯಿಲ್ಲದೆ ಇಂಗ್ಲಿಷಿಗೆ ತರಿಸಿ ಪ್ರಚಾರಕ್ಕೆ ಬಳಸಿಕೊಂಡರು. ಮುಂದೆ ಸಮುದ್ರದ ಉಪ್ಪು ತೆಗೆದ ಮೇಲೆ ಉಳಿಯುವ ಕಹಿನೀರಿನಿಂದಲೂ ಇದನ್ನು ತಯಾರಿಸಿದರು. ಎಪ್ಸಮ್‌ ಊರಿಗೂ ಎಪ್ಸಮ್ ಉಪ್ಪಿಗೂ ನಂಟು ಕಳಚಿತು.

ಉಪ್ಪು ಅಗ್ಗವಾಯಿತು, ಹೊಟ್ಟೆಯ ಗುಡುಗುಡು ಮಾತ್ರ ತಪ್ಪಲಿಲ್ಲ. ಎಪ್ಸಮ್ ಉಪ್ಪೆಂದರೆ ಮೆಗ್ನೀಸಿಯಮ್ ಸಲ್ಫೇಟ್; ಅದನ್ನು ಕರುಳು ಪೂರ್ತಿ ಹೀರಿಕೊಳ್ಳುವುದಿಲ್ಲ. ಹಾಗೆ ಉಳಿದ ಉಪ್ಪು ನೀರನ್ನು ಕರುಳಿನೊಳಕ್ಕೆ ಎಳೆದುಕೊಳ್ಳುತ್ತದೆ. ನಾಜೂಕಾದ ಹೊಟ್ಟೆಯವರಿಗೆ ಬೇರೆ ದಾರಿ ಬೇಕಿತ್ತು.

ದಾರಿ ಸಿಕ್ಕಿದ್ದು ಇನ್ನೊಂದು ರೋಗದ ಬೆನ್ನುಹತ್ತಿದಾಗ. ಮೂತ್ರಕೋಶದ ಕಲ್ಲು ಆಗ ಯೂರೋಪಿನ ದೊಡ್ಡ ಪಿಡುಗು. ಸುಟ್ಟ ಮೊಟ್ಟೆಚಿಪ್ಪು, ಬಸವನಹುಳು, ಸಾಬೂನು ಸೇರಿಸಿ ಜೋನಾ ಸ್ಟೀಫನ್ಸ್ ಎಂಬಾಕೆ ಮಾಡುತ್ತಿದ್ದ ಮದ್ದಿನ ಗುಟ್ಟಿಗೆ ಬ್ರಿಟಿಷ್ ಸಂಸತ್ತು 1739ರಲ್ಲಿ 5,000 ಪೌಂಡ್ ತೆತ್ತಿತ್ತು. ಎಡಿನ್‌ಬರೋದ ವೈದ್ಯ ವಿದ್ಯಾರ್ಥಿ ಜೋಸೆಫ್ ಬ್ಲ್ಯಾಕ್ ಇದಕ್ಕಿಂತ ಸೌಮ್ಯವಾದ ಮದ್ದಿಗಾಗಿ ಬಿಳಿ ಮೆಗ್ನೀಷಿಯಾವನ್ನು ಕೈಗೆತ್ತಿಕೊಂಡ. ಎಪ್ಸಮ್ ಉಪ್ಪಿನ ದ್ರಾವಣಕ್ಕೆ ಕ್ಷಾರ ಬೆರೆಸಿದರೆ ತಳದಲ್ಲಿ ಕೂರುವ ಪುಡಿ ಅದು. ಕಲ್ಲನ್ನು ಅದು ಕರಗಿಸಲಿಲ್ಲ, ಆದರೆ ಹುಳಿತೇಗನ್ನು ಶಮನ ಮಾಡಿತು. ಆಹಾರದಿಂದ ಹುಟ್ಟುವ ಆಮ್ಲ ಮತ್ತು ಬಿಳಿ ಮೆಗ್ನೀಷಿಯಾ, ಇದೇ ಅವನ 1754ರ ಪ್ರಬಂಧದ ವಿಷಯ. ಪುಡಿಯನ್ನು ಸುಟ್ಟಾಗ ತೂಕ ಇಳಿಯುವುದನ್ನು ತಕ್ಕಡಿಯಲ್ಲಿ ನೋಡಿದ ಬ್ಲ್ಯಾಕ್, ಹೊರಬಿದ್ದ ಅನಿಲದ ಬೆನ್ನುಹಿಡಿದ. ಇಂದು ನಾವು ಇಂಗಾಲದ ಡೈಆಕ್ಸೈಡ್ ಎನ್ನುವ ಅನಿಲವನ್ನು ಗುರುತಿಸಿದ ಪ್ರಯೋಗ ಹೊಟ್ಟೆಯುರಿಯ ಪುಡಿಯಿಂದ ಶುರುವಾಗಿತ್ತು.

ಅದೇ ಅನಿಲ ರೋಗಿಗಳನ್ನೂ ಕಾಡುತ್ತಿತ್ತು. ಪುಡಿ ಜಠರದ ಆಮ್ಲಕ್ಕೆ ಸೇರಿದೊಡನೆ ನೊರೆಯೆದ್ದು ಹೊಟ್ಟೆ ಉಬ್ಬುತ್ತಿತ್ತು. ಮ್ಯಾಂಚೆಸ್ಟರಿನ ಔಷಧಿ ವ್ಯಾಪಾರಿ ಥಾಮಸ್ ಹೆನ್ರಿ 1770ರ ದಶಕದಲ್ಲಿ ಪುಡಿಯನ್ನು ಮೊದಲೇ ಸುಟ್ಟು, ಅನಿಲ ಕಳೆದು, ಉಳಿದ ಆಕ್ಸೈಡನ್ನು ಮಾರಿದ. ಜನ ಅವನನ್ನು ‘ಮೆಗ್ನೀಷಿಯಾ ಹೆನ್ರಿ’ ಎಂದೇ ಕರೆದರು. ಸೇಲಂನ ಬಿಳಿ ಬೆಟ್ಟಗಳಲ್ಲೂ ಮೈಸೂರಿನ ದಕ್ಷಿಣಕ್ಕೆ ಕಡಕೊಳ, ದೊಡ್ಡಕನ್ಯದ ಸುತ್ತಲೂ ಸಿಗುವ ಮ್ಯಾಗ್ನಸೈಟ್ ಕಲ್ಲು ಈ ಪುಡಿಯ ಹತ್ತಿರದ ನೆಂಟ. ಅದನ್ನು ಗೂಡಿನಲ್ಲಿ ಸುಟ್ಟರೆ ಹೊರಡುವುದೂ ಇದೇ ಅನಿಲ, ಉಳಿಯುವುದೂ ಇದೇ ಆಕ್ಸೈಡ್. ಅದು ಹೋಗುವುದು ಮಾತ್ರ ಉಕ್ಕಿನ ಕುಲುಮೆಯ ಇಟ್ಟಿಗೆಗೆ.

ಪುಡಿ ಗಂಟಲಿಗೆ ಅಂಟುತ್ತದೆಂಬ ದೂರು ಉಳಿದೇ ಇತ್ತು. ವೈದ್ಯ ಜೇಮ್ಸ್ ಮರ್ರೆ ಅದನ್ನು ದ್ರವರೂಪಕ್ಕೆ ತಂದು ಐರ್ಲೆಂಡಿನ ವೈಸ್‌ರಾಯ್ ಆಗಿದ್ದ ಆಂಗಲ್ಸಿ ಪ್ರಭುವಿನ ಹೊಟ್ಟೆನೋವಿಗೆ ಕೊಟ್ಟ. ಅಮೆರಿಕದ ಕನೆಕ್ಟಿಕಟ್‌ನಲ್ಲಿ ಚಾರ್ಲ್ಸ್ ಹೆನ್ರಿ ಫಿಲಿಪ್ಸ್ 1873ರಲ್ಲಿ ಮೆಗ್ನೀಸಿಯಮ್ ಹೈಡ್ರಾಕ್ಸೈಡನ್ನು ನೀರಿನಲ್ಲಿ ತೇಲಿಸಿ ಹಾಲಿನಂಥ ಮದ್ದು ಮಾಡಿ ಪೇಟೆಂಟ್ ಪಡೆದ. ‘ಮಿಲ್ಕ್ ಆಫ್ ಮೆಗ್ನೀಷಿಯಾ’ ಇಂದಿಗೂ ನಮ್ಮ ಮೆಡಿಕಲ್ ಸ್ಟೋರುಗಳಲ್ಲಿದೆ. ಹುಳಿತೇಗಿನ ಮಾತ್ರೆಗಳಲ್ಲಿ ಮೆಗ್ನೀಸಿಯಮ್ ಜೊತೆಗೆ ಅಲ್ಯೂಮಿನಿಯಂ ಬೆರೆಸುವುದೂ ಹೊಟ್ಟೆಯ ಹದಕ್ಕಾಗಿಯೇ: ಒಂದು ಸಡಿಲಿಸುತ್ತದೆ, ಇನ್ನೊಂದು ಬಿಗಿಸುತ್ತದೆ.

ಇಷ್ಟು ಕಾಲವೂ ಮೆಗ್ನೀಸಿಯಮ್ ಹೊಟ್ಟೆಯೊಳಗೆ ಕೆಲಸ ಮಾಡಿ ಹೊರಹೋಗಬೇಕಾದ ವಸ್ತುವಾಗಿತ್ತು. ದೇಹಕ್ಕೇ ಅದು ಬೇಕೆಂಬುದು ತಿಳಿದದ್ದು 20ನೇ ಶತಮಾನದಲ್ಲಿ. 1926ರಲ್ಲಿ ಫ್ರಾನ್ಸಿನ ಜಾನ್ ಲರ್ವಾ ಇಲಿಮರಿಗಳ ಬೆಳವಣಿಗೆಗೆ ಅದು ಅಗತ್ಯವೆಂದು ತೋರಿಸಿದ. 1932ರಲ್ಲಿ ಅಮೆರಿಕದ ಎಲ್ಮರ್ ಮೆಕಾಲಮ್‌ ಮತ್ತು ಸಂಗಡಿಗರು ಮೆಗ್ನೀಸಿಯಮ್ ಇಲ್ಲದ ಆಹಾರ ತಿಂದ ಇಲಿಗಳು ಸದ್ದಿಗೇ ಬೆಚ್ಚಿ, ಸೆಳವು ಬಂದು ಸಾಯುವುದನ್ನು ದಾಖಲಿಸಿದರು. ಅಲ್ಲಿಂದಾಚೆಗೆ ಲೆಕ್ಕ ತಿರುಗಿತು. ಹೊರಹೋದದ್ದೆಲ್ಲ ನಷ್ಟ, ಒಳಗೆ ಉಳಿದದ್ದೇ ಲಾಭ. 1997ರಲ್ಲಿ ಅಮೆರಿಕದ ಪೋಷಣಾ ಮಂಡಳಿ ವಯಸ್ಕರಿಗೆ ಮಾತ್ರೆ, ಪುಡಿಗಳ ಮೂಲಕ ದಿನಕ್ಕೆ 350 ಮಿಲಿಗ್ರಾಂ ಮೇಲ್ಮಿತಿಯೆಂದು ಗೊತ್ತುಮಾಡಿದಾಗ ಅಳತೆಗೋಲಾಗಿ ಹಿಡಿದದ್ದು ಪೀಪ್ಸ್ ಬಯಸಿ ಪಡೆದ ಭೇದಿಯನ್ನೇ. ಊಟದ ಮೆಗ್ನೀಸಿಯಮ್ ಈ ಲೆಕ್ಕಕ್ಕೆ ಬಾರದು.

ಈಗಿನ ಡಬ್ಬಿಗಳ ಮೇಲೆ ಥಾಮಸ್ ಹೆನ್ರಿಯ ಆಕ್ಸೈಡ್ ಇನ್ನೂ ಇದೆ. ತೂಕದ ಶೇ 60ರಷ್ಟು ಅದರಲ್ಲಿ ಮೆಗ್ನೀಸಿಯಮ್ಮೇ, ಹಾಗಾಗಿ ಮಾತ್ರೆ ಚಿಕ್ಕದು, ಬೆಲೆ ಕಡಿಮೆ. ನೀರಿನಲ್ಲಿ ಸರಿಯಾಗಿ ಕರಗದ ಕಾರಣ ದೇಹಕ್ಕೆ ಸೇರುವ ಪಾಲು ಸಣ್ಣದು. ಸಿಟ್ರೇಟ್ ಚೆನ್ನಾಗಿ ಕರಗುತ್ತದೆ, ಆದರೂ ಪ್ರಮಾಣ ಏರಿದರೆ ಹೊಟ್ಟೆ ಸಡಿಲಿಸುತ್ತದೆ. ಗ್ಲೈಸಿನ್ ಎಂಬ ಅಮೈನೊ ಆಮ್ಲಕ್ಕೆ ಬೆಸೆದ ಗ್ಲೈಸಿನೇಟ್‌ಗೆ ಸೂಕ್ಷ್ಮ ಹೊಟ್ಟೆಯವರಲ್ಲಿ ಒಳ್ಳೆಯ ಹೆಸರಿದೆ. ಸಣ್ಣಕರುಳಿನ ಕೊನೆಯ ಭಾಗವನ್ನು ಶಸ್ತ್ರಚಿಕಿತ್ಸೆಯಲ್ಲಿ ತೆಗೆಸಿಕೊಂಡಿದ್ದ 12 ಮಂದಿಯ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಒಟ್ಟಾರೆ ನೋಡಿದರೆ ಆಕ್ಸೈಡ್ ಮತ್ತು ಗ್ಲೈಸಿನೇಟ್ ಸರಿಸುಮಾರು ಸಮವಾಗಿಯೇ ಹೀರಲ್ಪಟ್ಟವು. ಆಕ್ಸೈಡನ್ನು ತೀರಾ ಕಡಿಮೆ ಹೀರುತ್ತಿದ್ದವರಲ್ಲಿ ಮಾತ್ರ ಗ್ಲೈಸಿನೇಟ್ ಮುಂದಿತ್ತು, ಹೊಟ್ಟೆಗೂ ಹೆಚ್ಚು ಹಿತವಾಗಿತ್ತು.

ಗ್ಲೈಸಿನೇಟ್‌ನಲ್ಲಿ ಮೆಗ್ನೀಸಿಯಮ್ ಇರುವುದು ಸುಮಾರು ಶೇ 14 ಮಾತ್ರ. 1,000 ಮಿಲಿಗ್ರಾಂ ಎಂದು ದಪ್ಪಕ್ಷರದಲ್ಲಿ ಬರೆದ ಮಾತ್ರೆಯಲ್ಲಿ ಸಿಗುವುದು 140 ಮಿಲಿಗ್ರಾಂ. ‘ಬಫರ್ಡ್’ ಎಂದು ನಮೂದಿಸಿದ ಡಬ್ಬಿಗಳಲ್ಲಿ ಈ ಅಂಕಿ ಏರುವುದು ಆಕ್ಸೈಡ್ ಬೆರೆತಿರುವುದರಿಂದ. ದಿನದ ಪ್ರಮಾಣವನ್ನು ಎರಡು ಪಾಲು ಮಾಡಿ ಊಟದೊಂದಿಗೆ ತೆಗೆದುಕೊಂಡರೆ ಕರುಳಿಗೆ ತ್ರಾಸ ಕಡಿಮೆ. ಮೂತ್ರಪಿಂಡ ಸೋತವರಲ್ಲಿ ಹೆಚ್ಚಾದ ಮೆಗ್ನೀಸಿಯಮ್ ಹೊರಹೋಗದೆ ರಕ್ತದಲ್ಲಿ ಸೇರಿಕೊಳ್ಳುವುದರಿಂದ, ಅವರು ಗ್ಲೈಸಿನೇಟನ್ನಾಗಲಿ ಮಿಲ್ಕ್ ಆಫ್ ಮೆಗ್ನೀಷಿಯಾವನ್ನಾಗಲಿ ವೈದ್ಯರನ್ನು ಕೇಳದೆ ಮುಟ್ಟುವಂತಿಲ್ಲ.