ಹಲಗೆ ಹೊಸದು, ಉಪ್ಪು ಹಳೆಯದು: ಶಾರ್ಕ್ಯುಟರಿಯ ಕಥೆ

ಈ ಸಲದ ಮಾತು ಊಟದ ಬಗ್ಗೆ, ಆದ್ರೆ ರೆಸಿಪಿ ಅಲ್ಲ.

ಪುಣೆ, ಹೈದರಾಬಾದ್, ಗುರುಗ್ರಾಮದ ಕಡೆ ಇರೋ ನಮ್ಮವರ ಮನೆಗಳಲ್ಲಿ ಈಗೊಂದು ರೂಢಿ ಆಗಿದೆ. ಬೆಳಿಗ್ಗೆ ಗೃಹಪ್ರವೇಶ, ಸತ್ಯನಾರಾಯಣ ಪೂಜೆ. ಸಂಜೆ ಆಫೀಸಿನವರಿಗೆ ಪಾರ್ಟಿ, ಅಲ್ಲೊಂದು ಮರದ ಹಲಗೆ. ಅದರ ಮೇಲೆ ಎರಡು ಮೂರು ಥರ ಚೀಸ್, ಮಡಚಿಟ್ಟ ಸಲಾಮಿ, ದ್ರಾಕ್ಷಿ, ಬಾದಾಮಿ, ಕ್ರ್ಯಾಕರ್ಸ್, ಪುಟ್ಟ ಬಟ್ಟಲಲ್ಲಿ ಜೇನುತುಪ್ಪ. ಇದಕ್ಕೆ ಶಾರ್ಕ್ಯುಟರಿ ಬೋರ್ಡ್ ಅಂತ ಹೆಸರು. ಕೇಳಿದ್ರೆ ಯಾವುದೋ ಫ್ರೆಂಚ್ ರಾಜನ ಅರಮನೆಯಿಂದ ಇಳಿದು ಬಂದ ಹಾಗಿದೆ. ಅಸಲಿಗೆ ಇದು ಬೀದಿ ಅಂಗಡಿಯ ಮಾಲು. ಅದರ ಇತಿಹಾಸವೆಲ್ಲ ಸುತ್ತೋದು ಒಂದೇ ಪ್ರಶ್ನೆಯ ಸುತ್ತ: ಇದರೊಳಗೆ ಏನಿದೆ, ನಂಬಿ ತಿನ್ನಬಹುದಾ?

ಪದದಿಂದಲೇ ಶುರು ಮಾಡೋಣ. ಫ್ರೆಂಚಿನಲ್ಲಿ 'ಶೇರ್' ಅಂದ್ರೆ ಮಾಂಸ, 'ಕ್ವಿ' ಅಂದ್ರೆ ಬೇಯಿಸಿದ್ದು. ಎರಡೂ ಸೇರಿ ಬೇಯಿಸಿದ ಮಾಂಸ ಮಾರುವವನಿಗೆ 'ಶಾರ್ಕ್ಯುಟಿಯೇ' ಅನ್ನೋ ಹೆಸರು ಬಂತು. 1476ರಲ್ಲಿ ಪ್ಯಾರಿಸ್ಸಿನಲ್ಲಿ ಇವರ ಕಸುಬಿಗೆ ಕಾನೂನಿನ ಮಾನ್ಯತೆ ಸಿಕ್ಕಿತು: ಬೇಯಿಸಿದ ಹಂದಿಮಾಂಸ, ಸಾಸೇಜ್ ಮಾರಬಹುದು. ಆದ್ರೆ ಹಸಿಮಾಂಸ ಕಟುಕರ ಸಂಘದ ಹಕ್ಕು, ಶಾರ್ಕ್ಯುಟಿಯೇ ಅವರಿಂದಲೇ ಕೊಳ್ಳಬೇಕು. ಹಂದಿಯನ್ನ ನೇರವಾಗಿ ಕೊಳ್ಳೋ ಹಕ್ಕು ಬರೋದಕ್ಕೆ 1513ರ ತನಕ, ಹನ್ನೆರಡನೇ ಲೂಯಿಯ ಕಾಲದ ತನಕ ಕಾಯಬೇಕಾಯ್ತು. ಅಂದ್ರೆ ಸುಮಾರು 37 ವರ್ಷ ಈ ಜನ ತಮ್ಮ ಎದುರಾಳಿ ಅಂಗಡಿಯ ಗ್ರಾಹಕರಾಗಿದ್ದೇ ವ್ಯಾಪಾರ ನಡೆಸಿದರು. ವೆಂಡರ್ ಲಾಕ್-ಇನ್ ಅಂತ ನಾವು ಈಗ ಗೊಣಗ್ತೀವಲ್ಲ, ಹಾಗೆ.

ಇಷ್ಟೊಂದು ಕಟ್ಟುಪಾಡು ಯಾಕೆ? ಸಂಘಗಳ ನಡುವಿನ ಜಗಳ ಒಂದು ಕಾರಣ, ನಿಜ. ಆದ್ರೆ ಇನ್ನೊಂದು ಇದೆ. ಮಾಂಸದ ತುಂಡನ್ನ ನೋಡಿದ್ರೆ ತಾಜಾನೋ ಹಳಸಿದ್ದೋ ಗೊತ್ತಾಗುತ್ತೆ. ಅದನ್ನೇ ಕೊಚ್ಚಿ, ಮಸಾಲೆ ಹಾಕಿ, ಕರುಳಿನ ಚೀಲದೊಳಗೆ ತುಂಬಿದ ಮೇಲೆ ಏನು ಗೊತ್ತಾಗುತ್ತೆ? ಏನೂ ಇಲ್ಲ. ಮಾಡಿದವನ ಮಾತೇ ಗತಿ.

ಹಾಗಾಗಿ ಆ ಕಾಲದ ಫ್ರಾನ್ಸಿನಲ್ಲಿ ಒಂದು ವಿಚಿತ್ರ ಹುದ್ದೆ ಇತ್ತು, 'ಲಾಂಗೆಯರ್'. ಇವನ ಕೆಲಸ ಹಂದಿಯ ಬಾಯಿ ತೆರೆಸಿ, ನಾಲಿಗೆ ಎಳೆದು, ಅಡಿಭಾಗ ನೋಡೋದು. ಅಲ್ಲಿ ಬಿಳಿ ಗುಳ್ಳೆ ಕಂಡ್ರೆ ಆ ಹಂದಿಗೆ ರೋಗ ಇದೆ ಅಂತ. ಜನ ಅದನ್ನ ಕುಷ್ಠ ಅಂದುಕೊಂಡಿದ್ದರು, ರೋಗದ ಹೆಸರೂ ಹಾಗೇ ಇತ್ತು. ನಿಜಕ್ಕೂ ಅದು ಲಾಡಿಹುಳುವಿನ ಮರಿ ಕೂತ ಗುಳ್ಳೆ. ಕಾರಣ ತಪ್ಪು, ಪರೀಕ್ಷೆ ಮಾತ್ರ ಸರಿ! ಸೂಕ್ಷ್ಮದರ್ಶಕ ಇಲ್ಲದ ಕಾಲದ ಕ್ಯೂಎ ಟೀಮ್ ಇದು. ನನಗೆ ಅವರ ಮೇಲೆ ವಿಪರೀತ ಗೌರವ.

ಇನ್ನು ಉಪ್ಪು. ಚಳಿಗಾಲಕ್ಕೆ ಮುಂಚೆ ಹಂದಿ ಕಡಿದು ಉಪ್ಪು ಹಚ್ಚಿ ಇಟ್ಟುಕೊಂಡರೆ ಮುಂದಿನ ತಿಂಗಳುಗಳಿಗೆ ಆಹಾರ. ನಮ್ಮ ಕರಾವಳಿಯಲ್ಲಿ ಮಳೆಗಾಲಕ್ಕೆ ಒಣಮೀನು, ಕೊಡಗಿನಲ್ಲಿ ಒಲೆಯ ಮೇಲೆ ಹೊಗೆಗೆ ಕಟ್ಟಿದ ಮಾಂಸ ಇದ್ದ ಹಾಗೆ. ಉಪ್ಪು ನೀರನ್ನ ಎಳೆಯುತ್ತೆ, ನೀರಿಲ್ಲದ ಕಡೆ ಬ್ಯಾಕ್ಟೀರಿಯಾ ಬೆಳೆಯೋದು ಕಷ್ಟ, ಅಷ್ಟೇ ವಿಜ್ಞಾನ. ಆದ್ರೆ ಫ್ರಾನ್ಸಿನ ರೈತನಿಗೆ ಉಪ್ಪು ಸಿಗೋದೇ ಕಷ್ಟ ಆಗಿತ್ತು. 'ಗಬೆಲ್' ಅನ್ನೋ ಉಪ್ಪಿನ ತೆರಿಗೆ. 1680ರ ಶಾಸನದ ಪ್ರಕಾರ ತೆರಿಗೆ ಜಾಸ್ತಿ ಇದ್ದ ಪ್ರಾಂತ್ಯಗಳಲ್ಲಿ ಎಂಟು ವರ್ಷ ದಾಟಿದ ಪ್ರತಿಯೊಬ್ಬರ ಲೆಕ್ಕದಲ್ಲೂ ವರ್ಷಕ್ಕೆ ಸುಮಾರು 3.5 ಕೆ.ಜಿ. ಸರ್ಕಾರಿ ಉಪ್ಪು ಕೊಳ್ಳಲೇಬೇಕು. ಬೇಕಿರಲಿ ಬೇಡದಿರಲಿ. ಇಲ್ಲಿಗೆ ಮುಗೀಲಿಲ್ಲ. ಆ ಉಪ್ಪನ್ನ ಅಡುಗೆಯ ಪಾತ್ರೆಗೆ, ಊಟದ ಮೇಜಿಗೆ ಮಾತ್ರ ಬಳಸಬೇಕು. ಹಂದಿಮಾಂಸಕ್ಕೆ ಹಚ್ಚಿದರೆ ಅಪರಾಧ! ಅದಕ್ಕೆ ಬೇರೆ ಉಪ್ಪು, ಬೇರೆ ತೆರಿಗೆ. ಮನೆಯಲ್ಲಿ ಉಪ್ಪು ಇದ್ದೂ ಮಾಂಸ ಕೊಳೆಯೋದನ್ನ ನೋಡ್ತಾ ಕೂರಬೇಕು. 1930ರ ದಂಡಿ ಯಾತ್ರೆಯನ್ನ ಶಾಲೆಯಲ್ಲಿ ಓದಿದ ನಮಗೆ ಇದು ಥಟ್ಟನೆ ಅರ್ಥ ಆಗುತ್ತೆ. ಕ್ರಾಂತಿ ಶುರುವಾದ ಮರುವರ್ಷವೇ, 1790ರಲ್ಲಿ, ಗಬೆಲ್ ರದ್ದಾಯ್ತು. 1791ರಲ್ಲಿ ಕಸುಬಿನ ಸಂಘಗಳೂ ಹೋದವು. ತೆರಿಗೆಯನ್ನ ಮಾತ್ರ ನೆಪೋಲಿಯನ್ 1806ರಲ್ಲಿ ವಾಪಸ್ ತಂದ, ಅದು ಬೇರೆ ಮಾತು.

ಹಲಗೆ ಮೇಲಿನ ಹ್ಯಾಮ್ ಗುಲಾಬಿ ಬಣ್ಣಕ್ಕಿರುತ್ತಲ್ಲ, ಯಾಕೆ ಅಂತ ಯೋಚಿಸಿದ್ದೀರಾ? ಬರೀ ಬೇಯಿಸಿದ ಮಾಂಸ ಬೂದುಬಣ್ಣಕ್ಕೆ ತಿರುಗುತ್ತೆ. ಆ ಗುಲಾಬಿ ಬರೋದು ಪೆಟ್ಲುಪ್ಪಿನಿಂದ, ಅಂದ್ರೆ ಪೊಟ್ಯಾಷಿಯಂ ನೈಟ್ರೇಟ್. ಇಲ್ಲಿ ನಮ್ಮ ದೇಶ ಕಥೆಯೊಳಗೆ ಬರುತ್ತೆ. 17, 18ನೇ ಶತಮಾನಗಳಲ್ಲಿ ಯುರೋಪಿಗೆ ಪೆಟ್ಲುಪ್ಪಿನ ಬಹುದೊಡ್ಡ ಮೂಲ ಬಿಹಾರ. ಪಟ್ನಾದ ಸುತ್ತಮುತ್ತ ನೂನಿಯಾ ಸಮುದಾಯದವರು ಮಣ್ಣನ್ನ ಕೆರೆದು, ನೀರಲ್ಲಿ ಕರಗಿಸಿ, ಕುದಿಸಿ ತೆಗೀತಿದ್ದರು. ಡಚ್ಚರು, ಇಂಗ್ಲಿಷರು ಹಡಗಿಗೆ ತುಂಬಿ ಒಯ್ಯುತ್ತಿದ್ದರು. ಮುಖ್ಯವಾಗಿ ಕೋವಿಮದ್ದಿಗೆ, ಆದ್ರೆ ಯುರೋಪಿನ ಅಡುಗೆಮನೆಯಲ್ಲಿ ಮಾಂಸಕ್ಕೆ ಹಚ್ಚುತ್ತಿದ್ದದ್ದೂ ಇದೇ ಪದಾರ್ಥ. ಬಣ್ಣದ ಗುಟ್ಟು, ಅಂದ್ರೆ ನೈಟ್ರೇಟ್ ನೈಟ್ರೈಟ್ ಆಗಿ ಮಾಂಸದ ಕೆಂಪಿನ ಜೊತೆ ಕೂಡೋದು, 1901ರಲ್ಲಿ ಜಾನ್ ಸ್ಕಾಟ್ ಹಾಲ್ಡೇನ್ ಬಿಡಿಸಿಟ್ಟರು.

ಬಣ್ಣಕ್ಕಿಂತ ದೊಡ್ಡ ಕೆಲಸ ಇನ್ನೊಂದಿತ್ತು. 1793ರಲ್ಲಿ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯ ವಿಲ್ಡ್‌ಬಾಡ್‌ನಲ್ಲಿ ಸಾಸೇಜ್ ತಿಂದ 13 ಜನ ಕಾಯಿಲೆ ಬಿದ್ದರು, 6 ಜನ ಸತ್ತರು. ಅದೇ ಸೀಮೆಯ ಯುಸ್ಟಿನುಸ್ ಕೆರ್ನರ್ ಅನ್ನೋ ಡಾಕ್ಟರ್, ಕವಿಯೂ ಹೌದು, ಇಂಥ ಪ್ರಕರಣಗಳನ್ನ ಒಂದೊಂದಾಗಿ ದಾಖಲಿಸಿ 1820 ಮತ್ತು 1822ರಲ್ಲಿ ಪ್ರಕಟಿಸಿದ. ಕೆಟ್ಟ ಸಾಸೇಜಿನ ರಸವನ್ನ ತಾನೇ ರುಚಿ ನೋಡಿ ಲಕ್ಷಣ ಬರೆದುಕೊಂಡ. ಪ್ರೊಡಕ್ಷನ್‌ನಲ್ಲಿ ಟೆಸ್ಟ್ ಮಾಡೋದು ಅಂದ್ರೆ ಇದು! 1897ರಲ್ಲಿ ಬೆಲ್ಜಿಯಂನ ವಾನ್ ಎರ್ಮೆಂಗೆಮ್ ಇದಕ್ಕೆ ಕಾರಣವಾದ ಬ್ಯಾಕ್ಟೀರಿಯಾ ಪತ್ತೆಮಾಡಿದರು, ಅದೂ ಒಂದು ಹ್ಯಾಮ್‌ನಿಂದ. ಬಾಟ್ಯುಲಿಸಂ ಅನ್ನೋ ಹೆಸರೇ ಸಾಸೇಜಿನ ಲ್ಯಾಟಿನ್ ಪದದಿಂದ ಬಂದಿದ್ದು. ಮುಖದ ಸುಕ್ಕು ತೆಗೆಯೋ ಬೊಟಾಕ್ಸ್ ಇದೇ ವಿಷ. ನೈಟ್ರೈಟ್ ಈ ಬ್ಯಾಕ್ಟೀರಿಯಾವನ್ನ ತಡೆಯುತ್ತೆ, ಅದಕ್ಕೇ ಅದು ಇವತ್ತೂ ಬಳಕೆಯಲ್ಲಿದೆ. ಅದರ ಬೆಲೆಯೂ ಇದೆ: 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ ಸಂಸ್ಕರಿಸಿದ ಮಾಂಸವನ್ನ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ದಿನಾ 50 ಗ್ರಾಂ ತಿಂದರೆ ಕರುಳಿನ ಕ್ಯಾನ್ಸರ್ ಸಾಧ್ಯತೆ ಸುಮಾರು 18% ಏರುತ್ತೆ ಅನ್ನೋದು ಅವರ ಲೆಕ್ಕ. ವರ್ಷಕ್ಕೆ ಎರಡು ಪಾರ್ಟಿಯವರು ಗಾಬರಿ ಆಗಬೇಕಿಲ್ಲ. ದಿನಾ ಸ್ಯಾಂಡ್‌ವಿಚ್‌ಗೆ ಸಲಾಮಿ ಹಾಕೋರು ಮಾತ್ರ ಸ್ವಲ್ಪ ಯೋಚಿಸಿ.

ಹಾಗಾದ್ರೆ ಹಲಗೆ ಎಲ್ಲಿಂದ ಬಂತು? ಇಟಲಿ, ಫ್ರಾನ್ಸಿನಲ್ಲಿ ಊಟಕ್ಕೆ ಮುಂಚೆ ಇಂಥ ತಟ್ಟೆ ಇಡೋದು ಹಳೇದು. ಜೇನು, ಹಣ್ಣು, ಬೀಜ ಎಲ್ಲಾ ತುಂಬಿ ಫೋಟೋಗೆ ಜೋಡಿಸೋದು ಇನ್‌ಸ್ಟಾಗ್ರಾಂ ಕಾಲದ್ದು. ಹಳೇದು ಅನ್ನಿಸೋದೆಲ್ಲ ಹಳೇದಲ್ಲ. ಇಂಗ್ಲೆಂಡಿನಲ್ಲಿ 'ಪ್ಲೌಮನ್ಸ್ ಲಂಚ್', ಉಳುವವನ ಊಟ, ಅಂತ ಬ್ರೆಡ್, ಚೀಸ್, ಉಪ್ಪಿನಕಾಯಿಯ ತಟ್ಟೆ ಇದೆ. ರೈತರು ಬ್ರೆಡ್ ಚೀಸ್ ತಿಂತಿದ್ದದ್ದು ನಿಜವೇ. ಆದ್ರೆ ಆ ಹೆಸರು ಹಬ್ಬಿದ್ದು 1954ರಲ್ಲಿ ಚೀಸಿನ ರೇಷನ್ ಮುಗಿದ ಮೇಲೆ, ಚೀಸ್ ಮಾರಾಟಗಾರರು ಪಬ್ಬುಗಳಲ್ಲಿ ಮಾಡಿದ ಪ್ರಚಾರದಿಂದ.

ನಮ್ಮ ಮನೆಯ ಹಲಗೆಗೆ ಬಂದರೆ ಆ ಹಳೇ ಪ್ರಶ್ನೆ ಇನ್ನೂ ಚುರುಕಾಗುತ್ತೆ. ಒಂದೇ ಟೀಮಿನಲ್ಲಿ ಹಂದಿ ತಿನ್ನದವರು, ದನ ತಿನ್ನದವರು, ಈರುಳ್ಳಿಯೂ ಮುಟ್ಟದ ಜೈನರು. ನಮ್ಮಲ್ಲೇ ಎಷ್ಟೋ ಜನ ಸಸ್ಯಾಹಾರಿಗಳು ಸಲಾಮಿ ಬಿಟ್ಟು ಧೈರ್ಯವಾಗಿ ಚೀಸಿಗೆ ಕೈ ಹಾಕ್ತಾರೆ. ಪಾರ್ಮೆಜಾನೋ ರೆಜಾನೋ, ಅದೇ ಅಸಲಿ ಪಾರ್ಮೆಸಾನ್, ನಿಯಮದ ಪ್ರಕಾರ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿಯೇ ಹಾಲು ಒಡೆಸಿದ್ದು. ಪ್ಯಾಕೆಟ್ ತೆಗೆದು ಹಲಗೆಗೆ ಇಟ್ಟ ತಕ್ಷಣ ಹಸಿರು ಚುಕ್ಕೆ, ಕಂದು ಗುರುತು ಎರಡೂ ಕಸದ ಬುಟ್ಟಿಗೆ ಹೋಗಿರುತ್ತೆ. ಹಾಗಾಗಿ ಮಾಂಸಕ್ಕೂ ಚೀಸಿಗೂ ಬೇರೆ ಬೇರೆ ಹಲಗೆ, ಬೇರೆ ಚಾಕು ಇಡಿ. ಪಕ್ಕದಲ್ಲಿ ಸಣ್ಣ ಚೀಟಿ: ಇದು ಹಂದಿ, ಇದು ಕೋಳಿ, ಈ ಚೀಸಲ್ಲಿ ರೆನೆಟ್ ಇದೆ. ಅತಿಥಿ ಬಾಯಿಬಿಟ್ಟು ಕೇಳೋ ಮುಜುಗರ ತಪ್ಪುತ್ತೆ.

ಮುಂಬೈ, ಪುಣೆಯವರು ಗೋವಾದ ಚೌರಿಸ್ ತರ್ತೀರಿ ಅಂತ ಗೊತ್ತು. ಪೋರ್ಚುಗೀಸರ ಸಾಸೇಜಿಗೆ ವಿನೆಗರ್, ಮೆಣಸಿನಕಾಯಿ ಸೇರಿ ಆದದ್ದು, ರುಚಿಗೆ ಎರಡು ಮಾತಿಲ್ಲ. ಆದ್ರೆ ಅದು ಸಲಾಮಿ ಥರ ಕತ್ತರಿಸಿ ಹಾಗೇ ತಿನ್ನೋದಲ್ಲ, ಚೆನ್ನಾಗಿ ಬೇಯಿಸಿಯೇ ಇಡಬೇಕು. ಪಾರ್ಮಾದ ಹ್ಯಾಮ್ ಬರೀ ಉಪ್ಪಿನಲ್ಲಿ ಒಂದು ವರ್ಷಕ್ಕೂ ಮೇಲೆ ಮಾಗೋದು ಅಲ್ಲಿನ ತಣ್ಣನೆ ಗಾಳಿಯಲ್ಲಿ. ಚೆನ್ನೈಯ ಮೇ ತಿಂಗಳಲ್ಲಿ ಎಸಿ ಇಲ್ಲದ ಹಾಲ್‌ನಲ್ಲಿ ಹಲಗೆ ಒಂದು ಗಂಟೆಗಿಂತ ಹೆಚ್ಚು ಹೊರಗೆ ಬೇಡ. ಸ್ವಲ್ಪ ಸ್ವಲ್ಪವೇ ಇಡಿ, ಉಳಿದದ್ದು ಫ್ರಿಜ್‌ನಲ್ಲೇ ಇರಲಿ.